ಕೋಲಾರ–ಚಿಕ್ಕಬಳ್ಳಾಪುರದ ಕೆರೆ ಜಲಾನಯನಕ್ಕೆ ಅಂತರ್ಜಲ ಮತ್ತು ನೀರಿನ ಗುಣಮಟ್ಟದ ಮಾಡೆಲ್ ಕಟ್ಟುವುದು ಹೇಗೆ: ಹಂತ ಹಂತವಾಗಿ

"ಎಲ್ಲ ಡೇಟಾ ಹಾಕಿದ್ದೀನಿ, ಮಾಡೆಲ್ ಓಡ್ತಿದೆ, ಆದ್ರೆ ಬೋರ್‌ವೆಲ್ ಮಟ್ಟಕ್ಕೆ ಹೊಂದ್ತಾನೇ ಇಲ್ಲ." ನೆಲದೊಳಗಿನ ನೀರು ಎಷ್ಟು ಬಂತು, ಎಷ್ಟು ಹೋಯಿತು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್ ಕಟ್ಟುವವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಳಿಸಿದ ಫೈಲ್ ತೆರೆದು ನೋಡಿದರೆ ತಪ್ಪು ಹೆಚ್ಚುಕಡಿಮೆ ಒಂದೇ. ಮೊದಲ ದಿನವೇ ಸಾಫ್ಟ್‌ವೇರ್ ತೆರೆದಿರುತ್ತಾರೆ. ಎಷ್ಟು ನೀರು ಎತ್ತುತ್ತಿದ್ದಾರೆ ಅನ್ನುವುದನ್ನು ಕೊನೆಗೆ, ಗ್ರಾಫ್ ಕೂಡಿಸಲು ಅಂದಾಜಿನಲ್ಲಿ ಹಾಕಿರುತ್ತಾರೆ. ಹಾಗಾಗಿ ನೆಲದಲ್ಲಿ ಇಲ್ಲದ ನೀರು ಕಂಪ್ಯೂಟರ್ ಒಳಗೆ ಎಲ್ಲಿಂದಲೋ ಬಂದು ತುಂಬಿಕೊಂಡಿರುತ್ತದೆ.

ಇಲ್ಲಿ ಹೇಳಿರುವುದು 10ರಿಂದ 50 ಚದರ ಕಿ.ಮೀ. ಇರುವ, ಗ್ರಾನೈಟ್–ಗ್ನೈಸ್ ಎಂಬ ಗಟ್ಟಿ ಬಂಡೆಯ ನೆಲದ, ಸರಣಿ ಕೆರೆಗಳಿರುವ ಜಲಾನಯನಕ್ಕೆ. ಪಾವಗಡ, ಮಧುಗಿರಿ ಕಡೆಯವರಿಗೂ ಬಹುಪಾಲು ಇದೇ ನಡೆಯುತ್ತದೆ. ಹಂತಗಳ ಕ್ರಮ ಬದಲಿಸಬೇಡಿ.

## ಬೇಕಾಗುವ ಸಾಮಾನು

ನೀರಿನ ಮಟ್ಟ ಅಳೆಯುವ ಸೌಂಡರ್ ಟೇಪ್, ಆದಷ್ಟು ಉದ್ದದ್ದು. 200 ಲೀಟರ್ ಡ್ರಮ್. ಟೈಮ್ ನೋಡಲು ಫೋನ್. ಪಿಎಚ್ (ಹುಳಿ–ಕ್ಷಾರದ ಅಳತೆ) ಮತ್ತು ಇಸಿ (ನೀರಿನಲ್ಲಿ ಲವಣ ಎಷ್ಟಿದೆ ಎಂದು ವಿದ್ಯುತ್ ಹರಿಯುವುದರಿಂದ ತಿಳಿಸುವ ಅಳತೆ) ಮೀಟರ್, ಜೊತೆಗೆ ಅವನ್ನು ಸರಿಹೊಂದಿಸುವ ದ್ರಾವಣ. ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿಗಳು, ಐಸ್ ಪೆಟ್ಟಿಗೆ. ಕಂಪ್ಯೂಟರಿನಲ್ಲಿ ನಕ್ಷೆಗೆ ಕ್ಯೂಜಿಐಎಸ್, ಒಂದು ಸ್ಪ್ರೆಡ್‌ಶೀಟ್, ಅಂತರ್ಜಲದ ಹರಿವು ಲೆಕ್ಕ ಹಾಕುವ ಮಾಡ್‌ಫ್ಲೋ 6, ಅದನ್ನು ನಡೆಸಲು ಮಾಡೆಲ್‌ಮ್ಯೂಸ್ ಅಥವಾ ಫ್ಲೋಪೈ. ಸ್ಪ್ರೆಡ್‌ಶೀಟಿಗೆ ಲಿಬ್ರೆಆಫೀಸ್ ಹಾಕಿಕೊಂಡರೆ ಇವೆಲ್ಲ ಉಚಿತವಾಗಿಯೇ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಬೋರ್‌ವೆಲ್ ಯಾವುದು ಯಾರದ್ದು ಎಂದು ಗೊತ್ತಿರುವ ಒಬ್ಬ ವಾಟರ್‌ಮ್ಯಾನ್ ಅಥವಾ ಹಿರಿಯ ರೈತರು ಜೊತೆಗಿರಬೇಕು.

## ಹಂತ 1: ಗಡಿ ಗುರುತಿಸಿ

ಬಾಹ್ಯಾಕಾಶದಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ನಕ್ಷೆಯಿಂದ (30 ಮೀಟರಿಗೊಂದು ಅಂಕಿ ಇರುವುದು) ಕ್ಯೂಜಿಐಎಸ್‌ನಲ್ಲಿ ಜಲಾನಯನ ಎಳೆಯುವುದು ಸುಲಭ. ಆದರೆ ತಗ್ಗು ತುಂಬಿಸುವ ಆಜ್ಞೆ ಕೊಟ್ಟಾಗ ಕೆರೆಗಳೂ ಸಮತಟ್ಟಾಗಿ ಹೋಗುತ್ತವೆ, ಹಳ್ಳ ಏರಿಯ ಮೇಲೇ ಹರಿದ ಹಾಗೆ ಗೆರೆ ಬರುತ್ತದೆ. ಅದಕ್ಕೆ ಪ್ರತಿ ಕೆರೆಯ ಕೋಡಿ ಎಲ್ಲಿದೆ, ಕೋಡಿ ನೀರು ಯಾವ ಕೆರೆಗೆ ಹೋಗುತ್ತದೆ ಅಂತ ಸ್ಥಳಕ್ಕೆ ಹೋಗಿ ನೋಡಿ ಗೆರೆ ತಿದ್ದಿ. ರಾಜಕಾಲುವೆ ಒತ್ತುವರಿಯಾಗಿ ನೀರು ಬೇರೆ ದಿಕ್ಕಿಗೆ ತಿರುಗಿರುವ ಜಾಗ ನಕ್ಷೆಯಲ್ಲಿ ಕಾಣುವುದಿಲ್ಲ. ನಂದಿ ಬೆಟ್ಟದ ಸುತ್ತ ಇನ್ನೂ ಹುಷಾರಾಗಿರಿ. ಅಲ್ಲಿ ಅಕ್ಕಪಕ್ಕದ ಎರಡು ಕೆರೆಗಳಲ್ಲಿ ಒಂದು ಉತ್ತರ ಪಿನಾಕಿನಿಗೆ, ಇನ್ನೊಂದು ದಕ್ಷಿಣ ಪಿನಾಕಿನಿಗೆ ಸೇರಿರಬಹುದು.

ನಮ್ಮ ಕಡೆಯವರನ್ನು ವಿಶೇಷವಾಗಿ ಕಾಡುವ ಒಂದು ತೊಂದರೆ ಇದೆ. 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಗಳ ನಡುವೆಯೇ ಹಾದುಹೋಗುತ್ತದೆ. ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ಶಿಡ್ಲಘಟ್ಟ, ಮಾಲೂರು ವಲಯ 43ರಲ್ಲಿವೆ. ಚಿಂತಾಮಣಿ, ಕೋಲಾರ ಪಟ್ಟಣ ವಲಯ 44ರಲ್ಲಿವೆ. ಒಬ್ಬರು ಒಂದು ವಲಯದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಅಂಕಿ ತಂದರೆ ಬೋರ್‌ವೆಲ್‌ಗಳು ನೂರಾರು ಕಿ.ಮೀ. ಆಚೆ ಹೋಗಿ ಕೂರುತ್ತವೆ. ಇಡೀ ಕೆಲಸಕ್ಕೆ ಒಂದೇ ವಲಯ ಆರಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಎತ್ತರದಲ್ಲೂ ಎಚ್ಚರ ಬೇಕು. ಕೆಲವು ಫೋನ್ ಆ್ಯಪ್‌ಗಳು ಸಮುದ್ರಮಟ್ಟದ ಎತ್ತರ ಕೊಡದೆ ಎಲಿಪ್ಸಾಯ್ಡ್ ಎತ್ತರ (ಭೂಮಿಯ ಲೆಕ್ಕದ ಆಕಾರದಿಂದ ಅಳೆದದ್ದು) ತೋರಿಸುತ್ತವೆ. ನಮ್ಮ ಭಾಗದಲ್ಲಿ ಎರಡಕ್ಕೂ ಸುಮಾರು 85 ಮೀಟರ್ ವ್ಯತ್ಯಾಸವಿದೆ. ಎಲ್ಲ ಬೋರ್‌ವೆಲ್‌ಗೂ ಒಂದೇ ಎತ್ತರದ ನಕ್ಷೆಯಿಂದ ಅಂಕಿ ತೆಗೆದುಕೊಳ್ಳಿ, ಫೋನಿನ ಎತ್ತರ ಬಳಸಬೇಡಿ.

## ಹಂತ 2: ಬೋರ್‌ವೆಲ್ ಪಟ್ಟಿ ಮತ್ತು ನೀರಿನ ಮಟ್ಟ

ಊರೂರು ತಿರುಗಿ ಪಟ್ಟಿ ಮಾಡಿ. ಓಡುತ್ತಿರುವುದು, ಬಿಟ್ಟು ಬಿಟ್ಟು ನೀರು ಕೊಡುವುದು, ಫೇಲ್ ಆಗಿರುವುದು ಅಂತ ಮೂರು ಗುಂಪು ಸಾಕು. ಪ್ರತಿಯೊಂದಕ್ಕೂ ಆಳ, ಕೇಸಿಂಗ್ ಎಷ್ಟು ಅಡಿ, ನೀರು ಸಿಕ್ಕಿದ್ದು ಎಷ್ಟು ಅಡಿಗೆ, ಮೋಟಾರು ಎಷ್ಟು ಅಡಿಯಲ್ಲಿದೆ ಅಂತ ಕೇಳಿ. ಈ ನಾಲ್ಕೂ ಬೇರೆ ಬೇರೆ ಅಂಕಿಗಳು. "1200 ಅಡಿ ಬೋರು" ಅಂದ ಕೂಡಲೇ ನೀರು 1200 ಅಡಿಯಲ್ಲಿದೆ ಎಂದು ಬರೆದುಕೊಳ್ಳುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಬಿರುಕು 900 ಅಡಿಯಲ್ಲಿದ್ದು, ನಿಂತ ನೀರು 500 ಅಡಿಗೇ ಇರಬಹುದು.

ಮಟ್ಟ ಅಳೆಯಬೇಕಾದ್ದು ಮೂರು ಫೇಸ್ ಕರೆಂಟು ಬರುವ ಮೊದಲು, ಅಕ್ಕಪಕ್ಕದ ಮೋಟಾರುಗಳೂ ನಿಂತಿರುವಾಗ. ಆಟೋ ಸ್ಟಾರ್ಟರ್ ಆಫ್ ಮಾಡಿಸಿ. ಒಂದು ಸಲ ಅಳೆದು ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮಟ್ಟ ಇನ್ನೂ ಏರುತ್ತಿದ್ದರೆ ಬೋರು ಸುಧಾರಿಸಿಕೊಳ್ಳುತ್ತಿದೆ ಎಂದರ್ಥ, ಆ ಅಂಕಿಯನ್ನು ನಿಂತ ಮಟ್ಟವೆಂದು ಬಳಸಬೇಡಿ. ಟೇಪ್ ಪೈಪಿಗೆ ಸುತ್ತಿಕೊಳ್ಳುತ್ತದೆ ಅನ್ನುವ ಭಯ ನಿಜ. ಮೋಟಾರು ಮೇಲೆತ್ತಿ ರಿಪೇರಿ ಮಾಡುವ ದಿನ ಗೊತ್ತಾದರೆ, ಇಳಿಸುವಾಗ ಪಕ್ಕದಲ್ಲಿ ಟೇಪಿನ ತುದಿ ಸಲೀಸಾಗಿ ಇಳಿಯುವಷ್ಟು ಅಗಲದ ಪೈಪು ಕಟ್ಟಿಸಿಬಿಡಿ. ಆಮೇಲೆ ವರ್ಷಗಟ್ಟಲೆ ಅದರೊಳಗೇ ಅಳೆಯಬಹುದು.

ಕೇಸಿಂಗ್ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಅದು ನೆಲದಿಂದ ಎಷ್ಟು ಎತ್ತರ ಅಂತಲೂ ಬರೆಯಿರಿ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ನೀವು ಕನಿಷ್ಠ ಎರಡು ಸಲವಾದರೂ, ಮುಂಗಾರಿಗೆ ಮೊದಲು ಮೇನಲ್ಲಿ ಮತ್ತು ಹಿಂಗಾರು ಮುಗಿಯುವ ನವೆಂಬರಿನಲ್ಲಿ, ಅದೇ ಬೋರುಗಳನ್ನೇ ಅಳೆಯಬೇಕು.

ಒಣಗಿದ ತೆರೆದ ಬಾವಿಯನ್ನು ಪಟ್ಟಿಯಿಂದ ತೆಗೆಯಬೇಡಿ. ಅದರ ತಳ 50 ಅಡಿಗಿದ್ದರೆ ನೀರು ಅದಕ್ಕಿಂತ ಕೆಳಗಿದೆ ಅನ್ನುವುದು ಖಚಿತವಾದ ಮಾಹಿತಿ. ಒಣ ಬಾವಿಯಲ್ಲಿ ನೀರು ತೋರಿಸುವ ಮಾಡೆಲ್ ತಪ್ಪು ಅಂತ ಅಲ್ಲೇ ಹಿಡಿಯಬಹುದು.

## ಹಂತ 3: ಕಾಗದದ ಮೇಲೆ ಜಮಾ–ಖರ್ಚು

ಈ ಹಂತಕ್ಕೆ ಎರಡು ವಾರ ಕೊಡಿ. ಇದು ಕೂಡದಿದ್ದರೆ ಮುಂದೆ ಹೋಗಲೇಬೇಡಿ.

ಮೊದಲು ಖರ್ಚು. ಓಡುವ ಬೋರುಗಳಲ್ಲಿ ಮೂವತ್ತನ್ನಾದರೂ ಡ್ರಮ್ ಇಟ್ಟು ಅಳೆಯಿರಿ. ಮೋಟಾರು ಹಾಕಿದ ಕೂಡಲೇ ಅಳೆದರೆ ಜಾಸ್ತಿ ಬರುತ್ತದೆ. ಒಂದು ಗಂಟೆ ಓಡಿದ ಮೇಲೆ ಅಳೆದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. 200 ಲೀಟರ್ ಡ್ರಮ್ ಎರಡು ನಿಮಿಷದಲ್ಲಿ ತುಂಬಿದರೆ ಗಂಟೆಗೆ 6 ಘನ ಮೀಟರ್. ಬೋರು ಕೊರೆದಾಗ ಹೇಳಿದ "ಎರಡು ಇಂಚು, ಮೂರು ಇಂಚು" ಲೆಕ್ಕವನ್ನು ನೇರವಾಗಿ ತರಬೇಡಿ. ವಿ ಆಕಾರದ ತಗಡಿನಲ್ಲಿ ಅಳೆದ ಮೂರು ಇಂಚು ಅಂದರೆ ಎರಡು ಇಂಚಿನ ಒಂದೂವರೆ ಪಟ್ಟಲ್ಲ, ಸುಮಾರು 2.75 ಪಟ್ಟು. ಅದೂ ಕಂಪ್ರೆಸರ್ ಗಾಳಿಗೆ ಉಕ್ಕಿದ ನೀರು, ದಿನಾ ಬರುವ ನೀರಲ್ಲ. ದಿನಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ದಿನ ಅನ್ನುವುದನ್ನು ಬೆಳೆ ನೋಡಿ ಕೇಳಿ. ಹಿಪ್ಪುನೇರಳೆಗೆ ವರ್ಷಪೂರ್ತಿ ನೀರು ಬೇಕು, ಟೊಮೆಟೊಗೆ ಬೆಳೆ ಇದ್ದಷ್ಟು ತಿಂಗಳು.

ಉದಾಹರಣೆಗೆ 20 ಚದರ ಕಿ.ಮೀ. ಜಲಾನಯನ ಹಿಡಿಯೋಣ. 700 ಮಿ.ಮೀ. ಮಳೆ ಅಂದರೆ 1.4 ಕೋಟಿ ಘನ ಮೀಟರ್. ಇದರಲ್ಲಿ 8% ಇಂಗಿದರೆ 11.2 ಲಕ್ಷ ಘನ ಮೀಟರ್ ಜಮಾ. ಖರ್ಚಿನ ಕಡೆ 300 ಬೋರು, ಗಂಟೆಗೆ 6 ಘನ ಮೀಟರ್, ದಿನಕ್ಕೆ 5 ಗಂಟೆ, 200 ದಿನ. ಒಟ್ಟು 18 ಲಕ್ಷ. ಹೊಲಕ್ಕೆ ಬಿಟ್ಟ ನೀರಲ್ಲಿ 5% ವಾಪಸ್ ಇಂಗಿತು ಅಂದುಕೊಂಡರೆ ನಿವ್ವಳ 17.1 ಲಕ್ಷ. ಕೊರತೆ 5.9 ಲಕ್ಷ, ಇಡೀ ಜಲಾನಯನಕ್ಕೆ ಹರಡಿದರೆ 29.5 ಮಿ.ಮೀ. ನೀರು.

ಈಗ ಇದು ಬೋರಿನಲ್ಲಿ ಎಷ್ಟು ಮೀಟರ್ ಇಳಿತ? ಇಲ್ಲೇ ಎಲ್ಲರೂ ಎಡವುವುದು. ಸಡಿಲವಾದ ಕೊಳೆತ ಬಂಡೆಯ ಪದರದಲ್ಲಿ ಸ್ಪೆಸಿಫಿಕ್ ಯೀಲ್ಡ್ (ಪದರ ಬರಿದಾಗುವಾಗ ಅದರ ಗಾತ್ರದ ಎಷ್ಟು ಪಾಲು ನೀರು ಬಿಟ್ಟುಕೊಡುತ್ತದೆ ಅನ್ನುವುದು) 2% ಇದ್ದರೆ ಇಳಿತ ವರ್ಷಕ್ಕೆ ಒಂದೂವರೆ ಮೀಟರ್. ಆದರೆ ಆ ಪದರ ನಮ್ಮ ಎಷ್ಟೋ ಊರುಗಳಲ್ಲಿ ಒಣಗಿ ಹೋಗಿದೆ, ನೀರು ಬರುತ್ತಿರುವುದು ಕೆಳಗಿನ ಬಿರುಕುಗಳಿಂದ. ಅಲ್ಲಿ 0.5% ಇದ್ದರೆ 6 ಮೀಟರ್, 0.2% ಇದ್ದರೆ ಸುಮಾರು 15 ಮೀಟರ್. ಕೊರತೆ ಅಷ್ಟೇ, ಇಳಿತ ಹತ್ತು ಪಟ್ಟು. ಪುಸ್ತಕದ 2–4% ಅನ್ನು ಆಳದ ಬಂಡೆಗೂ ಹಾಕಿದವರ ಮಾಡೆಲ್‌ನಲ್ಲಿ ಮಟ್ಟ ಇಳಿಯುವುದೇ ಇಲ್ಲ. ಆಗ ಅವರು ಇಂಗುವ ಪ್ರಮಾಣ ಕಡಿಮೆ ಮಾಡುತ್ತಾ ಹೋಗುತ್ತಾರೆ, ತಪ್ಪಿನ ಮೇಲೆ ತಪ್ಪು ಕೂರುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಲೆಕ್ಕದಲ್ಲಿ ಕೊರತೆಯೇ ಬರದೆ, ಊರಿನಲ್ಲಿ ಬೋರುಗಳು ವರ್ಷವರ್ಷ ಫೇಲ್ ಆಗುತ್ತಿದ್ದರೆ ಎತ್ತುವ ನೀರಿನ ಅಂಕಿ ಕಡಿಮೆಯಾಗಿದೆ. ಪಟ್ಟಿಗೆ ವಾಪಸ್ ಹೋಗಿ.

ಮಳೆ ದಿನದಿನದ್ದು ಬೇಕು. ತಿಂಗಳ ಸರಾಸರಿ ಹಾಕಿದರೆ ಪ್ರತಿದಿನ ಮೂರ್ನಾಲ್ಕು ಮಿ.ಮೀ. ಜಿನುಗಿದ ಹಾಗಾಗಿ ಎಲ್ಲ ಆವಿಯಾಗಿಬಿಡುತ್ತದೆ. ನಮ್ಮಲ್ಲಿ ನೀರು ಇಂಗುವುದು ಸೆಪ್ಟೆಂಬರ್–ಅಕ್ಟೋಬರಿನ ನಾಲ್ಕಾರು ಜೋರು ಮಳೆಗಳಲ್ಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ, ಆ ಡೇಟಾ ಕೇಳಿ ಪಡೆಯಿರಿ.

## ಹಂತ 4: ಕೆರೆಗೆ ಬೇರೆ ಲೆಕ್ಕ

ಕೇಂದ್ರದ ಅಂತರ್ಜಲ ಅಂದಾಜು ಸಮಿತಿಯ ಪದ್ಧತಿಯಲ್ಲಿ ಕೆರೆಯಿಂದ ಇಂಗುವುದು ದಿನಕ್ಕೆ 1.4 ಮಿ.ಮೀ. ಸರಾಸರಿ 40 ಹೆಕ್ಟೇರ್ ನೀರು 120 ದಿನ ನಿಂತರೆ 67 ಸಾವಿರ ಘನ ಮೀಟರ್. ಮೇಲಿನ ಕೊರತೆಯಲ್ಲಿ ಸುಮಾರು ಒಂಬತ್ತನೇ ಒಂದು ಪಾಲು ಅಂದುಕೊಳ್ಳಿ.

ಆದರೆ ನಿಮ್ಮ ಕೆರೆಯ ನಿಜವಾದ ಅಂಕಿಯನ್ನು ನೀವೇ ಅಳೆಯಬಹುದು. ತೂಬಿನ ಕಂಬಕ್ಕೆ ಸೆಂಟಿಮೀಟರ್ ಗುರುತು ಬರೆಸಿ. ಮಳೆಯಿಲ್ಲದ, ಒಳಹರಿವಿಲ್ಲದ, ತೂಬು ಮುಚ್ಚಿರುವ ಹತ್ತು ದಿನ ಆರಿಸಿ ಮಟ್ಟ ನೋಡಿ. ದಿನಕ್ಕೆ 9 ಮಿ.ಮೀ. ಇಳಿದು, ಆವಿಗೆ 5 ಮಿ.ಮೀ. ಹೋದರೆ ಇಂಗಿದ್ದು 4 ಮಿ.ಮೀ. ಆಗ ಅದೇ ಕೆರೆ 1.9 ಲಕ್ಷ ಘನ ಮೀಟರ್ ಕೊಡುತ್ತದೆ, ಕೊರತೆಯ ಮೂರನೇ ಒಂದು ಭಾಗ. ಹೂಳು ತುಂಬಿದ ಕೆರೆಯಲ್ಲಿ ಇದು ದಿನಕ್ಕೆ ಒಂದು ಮಿ.ಮೀ.ಗೂ ಇಳಿಯಬಹುದು. ಹತ್ತು ದಿನದ ಈ ಕೆಲಸ ಎಷ್ಟು ತಿಂಗಳ ಕಂಪ್ಯೂಟರ್ ಕೆಲಸ ಉಳಿಸುತ್ತದೆ ಅಂತ ಮಾಡಿದವರಿಗೇ ಗೊತ್ತು.

2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವ ಕೆ.ಸಿ. ವ್ಯಾಲಿ ನೀರು, ಚಿಕ್ಕಬಳ್ಳಾಪುರ ಕಡೆಯ ಎಚ್.ಎನ್. ವ್ಯಾಲಿ ನೀರು (ಎರಡೂ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಇರುವ ಕೆರೆಯಲ್ಲಿ ಈ ವಿಧಾನ ಹಾಗೇ ನಡೆಯುವುದಿಲ್ಲ, ಒಳಹರಿವು ನಿಲ್ಲುವುದಿಲ್ಲವಲ್ಲ. ಅಲ್ಲಿ ಒಳಬರುವ ಕಾಲುವೆ ಮತ್ತು ಕೋಡಿ ಎರಡರ ಹರಿವನ್ನೂ ಅಳೆಯಬೇಕು.

## ಹಂತ 5: ನೀರಿನ ಸ್ಯಾಂಪಲ್

ಪಂಚಾಯಿತಿಯ ಮೇಲ್ತೊಟ್ಟಿ ನಲ್ಲಿಯಿಂದ ಹಿಡಿಯಬೇಡಿ, ಅದು ಹಲವು ಬೋರುಗಳ ಬೆರಕೆ, ಕ್ಲೋರಿನ್ ಬೇರೆ ಹಾಕಿರುತ್ತಾರೆ. ಶುದ್ಧ ನೀರಿನ ಘಟಕದ ನಂತರದ ನೀರಂತೂ ಲೆಕ್ಕಕ್ಕೇ ಇಲ್ಲ. ಬೋರಿನ ಬಾಯಲ್ಲೇ, ಮೋಟಾರು ಓಡಿಸಿ, ಇಸಿ ಅಂಕಿ ಬದಲಾಗುವುದು ನಿಂತ ಮೇಲೆ ಹಿಡಿಯಿರಿ. ಫ್ಲೋರೈಡಿಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಇರಲಿ. ನೈಟ್ರೇಟಿಗೆ ಐಸಿನಲ್ಲಿಟ್ಟು ಎರಡು ದಿನದೊಳಗೆ ಲ್ಯಾಬಿಗೆ ಮುಟ್ಟಿಸಿ. ಪಿಎಚ್ ಅಲ್ಲೇ ನೋಡಿ.

ವರದಿ ಬಂದ ಮೇಲೆ ಮೊದಲು ಅಯಾನು (ನೀರಲ್ಲಿ ಕರಗಿ ಧನ ಅಥವಾ ಋಣ ವಿದ್ಯುತ್ ಹೊತ್ತ ಕಣ) ಲೆಕ್ಕ ಕೂಡಿಸಿ. ಲೀಟರಿಗೆ ಮಿಲಿಗ್ರಾಂ ಅಂಕಿಯನ್ನು ಕ್ಯಾಲ್ಸಿಯಂಗೆ 20, ಮೆಗ್ನೀಸಿಯಂಗೆ 12.2, ಸೋಡಿಯಂಗೆ 23, ಪೊಟ್ಯಾಸಿಯಂಗೆ 39.1, ಬೈಕಾರ್ಬೊನೇಟಿಗೆ 61, ಕ್ಲೋರೈಡಿಗೆ 35.5, ಸಲ್ಫೇಟಿಗೆ 48, ನೈಟ್ರೇಟಿಗೆ 62ರಿಂದ ಭಾಗಿಸಿ. ಇವುಗಳಲ್ಲಿ ಮೊದಲ ನಾಲ್ಕು ಧನ, ಉಳಿದ ನಾಲ್ಕು ಋಣ; ಎರಡರ ಮೊತ್ತದ ವ್ಯತ್ಯಾಸವನ್ನು ಎರಡೂ ಕೂಡಿದ ಮೊತ್ತದಿಂದ ಭಾಗಿಸಿದರೆ 5%ರೊಳಗೆ ಬರಬೇಕು. 10% ದಾಟಿದರೆ ಮತ್ತೆ ಪರೀಕ್ಷೆ ಮಾಡಿಸಿ. ಪ್ರತಿ ಸ್ಯಾಂಪಲಿಗೂ ಸರಿಯಾಗಿ ಸೊನ್ನೆ ಬಂದರೂ ಅನುಮಾನಪಡಿ: ಸೋಡಿಯಂ ಅಳೆಯದೆ, ಉಳಿದದ್ದರಿಂದ ಕಳೆದು ಬರೆದಿರಬಹುದು. ಒಮ್ಮೆ ಒಂದು ಲ್ಯಾಬಿನಿಂದ ನನಗೂ ಹೀಗೇ ವರದಿ ಬಂದು, ನಲವತ್ತು ಸ್ಯಾಂಪಲ್ ಮತ್ತೆ ಹಿಡಿಯಬೇಕಾಯಿತು. ಅಷ್ಟರಲ್ಲಿ ಮಳೆ ಬಂದು ಬೇಸಿಗೆಯ ನೀರು ಕೈತಪ್ಪಿತ್ತು.

ನೈಟ್ರೇಟ್ ಅಂಕಿ ನೈಟ್ರೇಟ್ ಆಗಿಯೋ ನೈಟ್ರೋಜನ್ ಆಗಿಯೋ ಅಂತ ಕೇಳಲೇಬೇಕು. ಎರಡಕ್ಕೂ 4.43 ಪಟ್ಟು ವ್ಯತ್ಯಾಸ. 15 ಅಂತ ಇದ್ದದ್ದು ನೈಟ್ರೋಜನ್ ಆದರೆ ಅದು 66 ಮಿಲಿಗ್ರಾಂ ನೈಟ್ರೇಟ್, ಕುಡಿಯುವ ನೀರಿನ ಮಿತಿ 45 ಅನ್ನು ದಾಟಿದೆ. ಫ್ಲೋರೈಡಿಗೆ ಮಿತಿ 1, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5.

## ಹಂತ 6: ಈಗ ಮಾಡ್‌ಫ್ಲೋ

ಜಲಾನಯನವನ್ನು 100 ಮೀಟರ್ ಚೌಕಗಳಾಗಿ ಭಾಗಿಸಿ, ಆಳಕ್ಕೆ ಮೂರು ಪದರ ಸಾಕು. ಕೊಳೆತ ಬಂಡೆ, ಬಿರುಕು ಜಾಸ್ತಿ ಇರುವ ಬಂಡೆ, ಅಪರೂಪಕ್ಕೆ ಬಿರುಕಿರುವ ಆಳದ ಬಂಡೆ. ಮೊದಲ ಪದರದ ದಪ್ಪ ಕೇಸಿಂಗ್ ಉದ್ದದಿಂದ ಗೊತ್ತಾಗುತ್ತದೆ, ಕೇಸಿಂಗ್ ಇಳಿಸುವುದು ಗಟ್ಟಿ ಬಂಡೆ ಸಿಗುವವರೆಗೆ ತಾನೆ? ತಿಂಗಳಿಗೊಂದು ಅವಧಿ ಇಡಿ. ಇಂಗುವ ನೀರನ್ನು ದಿನದ ಲೆಕ್ಕದಲ್ಲಿ ತೆಗೆದು, ತಿಂಗಳಿಗೆ ಕೂಡಿಸಿ ಕೊಡಿ.

ಗಡಿಯ ಮಟ್ಟ. ಕೆರೆಗೆ ಅಥವಾ ಹಳ್ಳಕ್ಕೆ ಸ್ಥಿರ ಮಟ್ಟ ಕೊಡಬೇಡಿ. ಹೊರಗಿನ ಪಾಠಗಳಲ್ಲಿ ನದಿಗೆ ಹಾಗೆ ಕೊಡುತ್ತಾರೆ, ಏಕೆಂದರೆ ಅಲ್ಲಿ ಅಂತರ್ಜಲ ನದಿಯ ತಳಕ್ಕೆ ತಾಗಿಕೊಂಡಿರುತ್ತದೆ. ನಮ್ಮಲ್ಲಿ ಪಾಲಾರ್ ಆಗಲಿ ಚಿತ್ರಾವತಿ ಆಗಲಿ ವರ್ಷದ ಬಹುಪಾಲು ಒಣಗಿರುತ್ತವೆ, ನೀರು ನೂರಾರು ಅಡಿ ಕೆಳಗಿದೆ. ಸ್ಥಿರ ಮಟ್ಟ ಕೊಟ್ಟರೆ ಆ ಚೌಕದಿಂದ ಮುಗಿಯದಷ್ಟು ನೀರು ಬರುತ್ತದೆ. ಹಂತ 4ರಲ್ಲಿ ಅಳೆದಷ್ಟನ್ನೇ, ಕೆರೆಯಲ್ಲಿ ನೀರಿದ್ದ ತಿಂಗಳುಗಳಿಗೆ ಮಾತ್ರ ಇಂಗಿಸಿ.

ಒಣಗಿದ ಚೌಕ. ಮಾಡ್‌ಫ್ಲೋ-2005 ಎಂಬ ಹಳೆಯ ಆವೃತ್ತಿಯಲ್ಲಿ ಮೇಲಿನ ಪದರದ ಚೌಕ ಒಣಗಿದರೆ ಅದರಲ್ಲಿದ್ದ ಬೋರುಗಳೂ ಸದ್ದಿಲ್ಲದೆ ನಿಂತುಹೋಗುತ್ತವೆ. ಆಗ ನೀರು ಎತ್ತುವುದು ಕಡಿಮೆಯಾಗಿ ಮಟ್ಟ ಸುಧಾರಿಸಿದ ಹಾಗೆ ಗ್ರಾಫ್ ಚೆನ್ನಾಗಿ ಕಾಣುತ್ತದೆ. ಮಾಡ್‌ಫ್ಲೋ 6ರಲ್ಲಿ, ಒಣಗಿದ ಚೌಕವನ್ನೂ ಲೆಕ್ಕದಲ್ಲಿ ಉಳಿಸಿಕೊಳ್ಳುವ ನ್ಯೂಟನ್ ಆಯ್ಕೆ ಹಾಕಿ. ಹಾಕಿದ ಮೇಲೂ ಪ್ರತಿ ಸಲ ಓಡಿಸಿದಾಗ ಒಳಬಂದ, ಹೊರಹೋದ ನೀರಿನ ಲೆಕ್ಕವಿರುವ ಲಿಸ್ಟ್ ಫೈಲ್ ತೆರೆದು, ನೀವು ಕೊಟ್ಟ (ಹಂತ 3ರ) 18 ಲಕ್ಷ ಘನ ಮೀಟರೂ ನಿಜವಾಗಿ ಹೊರಬಂತಾ ಅಂತ ನೋಡಿ. 11 ಲಕ್ಷ ಅಂತಿದ್ದರೆ ಆ ಗ್ರಾಫ್ ಯಾರಿಗೂ ತೋರಿಸಬೇಡಿ.

ಬೋರು ಕೇಸಿಂಗ್ ಕೆಳಗೆ ತೆರೆದೇ ಇರುತ್ತದೆ, ಎರಡು ಮೂರು ಬಿರುಕಿನ ನೀರು ಒಟ್ಟಿಗೆ ಬರುತ್ತದೆ. ಹಾಗಾಗಿ ಎತ್ತುವ ನೀರನ್ನು ನೀರು ಸಿಕ್ಕ ಆಳಗಳಿಗೆ ಹಂಚಿ, ಒಂದೇ ಪದರಕ್ಕೆ ಹೊರಿಸಬೇಡಿ.

## ಹಂತ 7: ಅಳತೆಗೆ ಹೊಂದಿಸುವುದು

ಬರೀ ನೀರಿನ ಮಟ್ಟ ಇಟ್ಟುಕೊಂಡು, ಇಂಗುವ ಪ್ರಮಾಣವನ್ನೂ ಬಂಡೆಯ ನೀರು ಹರಿಸುವ ಗುಣವನ್ನೂ ಒಟ್ಟಿಗೆ ತಿರುಗಿಸಬೇಡಿ. ಎರಡನ್ನೂ ಒಟ್ಟಿಗೆ ಹೆಚ್ಚಿಸಿದರೂ ಮಟ್ಟ ಹೆಚ್ಚುಕಡಿಮೆ ಅದೇ ಬರಬಹುದು, ಯಾವುದು ಸರಿ ಅಂತ ತಿಳಿಯುವುದೇ ಇಲ್ಲ. ಅಳೆದ ಅಂಕಿಗಳನ್ನು, ಅಂದರೆ ಎತ್ತುವ ನೀರು ಮತ್ತು ಕೆರೆಯ ಇಂಗುವಿಕೆಯನ್ನು ಕಟ್ಟಿಹಾಕಿ. ಉಳಿದದ್ದನ್ನು ಮಾತ್ರ ಒಂದೊಂದಾಗಿ ತಿರುಗಿಸಿ. ನೀರು ಹರಿಸುವ ಗುಣ ದಿನಕ್ಕೆ ಹತ್ತಾರು ಮೀಟರ್ ಅಂತ ಬಂದರೆ ಅದು ಮರಳು ನೆಲದ ಅಂಕಿ, ನಮ್ಮ ಗ್ನೈಸ್ ಬಂಡೆಯದ್ದಲ್ಲ.

ಮಟ್ಟದ ತಪ್ಪು ಒಟ್ಟು ವ್ಯಾಪ್ತಿಯ (ಅತಿ ಮೇಲಿನ ಮತ್ತು ಅತಿ ಕೆಳಗಿನ ಮಟ್ಟಗಳ ಅಂತರದ) 10%ರೊಳಗಿದ್ದರೆ ಸಾಕು ಅಂತ ಪುಸ್ತಕ ಹೇಳುತ್ತದೆ. ವ್ಯಾಪ್ತಿ 200 ಮೀಟರ್ ಇರುವ ನಮ್ಮ ಕಡೆ ಅದು 20 ಮೀಟರ್ ಆಗುತ್ತದೆ, ಊರಿನವರಿಗೆ ಏನೂ ಪ್ರಯೋಜನವಿಲ್ಲ. ಮೇನಿಂದ ನವೆಂಬರಿಗೆ ಮಟ್ಟ ಎಷ್ಟು ಏರಿತು ಅನ್ನುವುದು ಹೊಂದುತ್ತದಾ ನೋಡಿ, ಅದು ಹೆಚ್ಚು ಕಠಿಣ ಪರೀಕ್ಷೆ. ಒಣ ವರ್ಷಗಳಿಗೆ ಹೊಂದಿಸಿ, ಆಮೇಲೆ ಏನೂ ಬದಲಿಸದೆ 2021ಕ್ಕೆ ಓಡಿಸಿ. ಆ ನವೆಂಬರಿನ ಮಳೆಗೆ ಎಷ್ಟೋ ವರ್ಷ ತುಂಬದ ಕೆರೆಗಳೂ ಕೋಡಿ ಬಿದ್ದವು. ಆ ಏರಿಕೆಯನ್ನು ಹಿಡಿದರೆ ಮಾಡೆಲ್ ನಂಬಬಹುದು.

## ಹಂತ 8: ಗುಣಮಟ್ಟ ಕೊನೆಗೆ

ಹರಿವಿನ ಮಾಡೆಲ್ ಹೊಂದುವ ಮೊದಲು ಫ್ಲೋರೈಡಿಗೆ ಕೈ ಹಾಕಬೇಡಿ. ಮೊದಲು ಕ್ಲೋರೈಡ್ ಓಡಿಸಿ. ಅದು ಬಂಡೆಗೆ ಅಂಟುವುದಿಲ್ಲ, ಒಡೆದು ಇಲ್ಲವಾಗುವುದಿಲ್ಲ, ನೀರಿನ ಜೊತೆಗೇ ಚಲಿಸುತ್ತದೆ. ಸಂಸ್ಕರಿಸಿದ ನೀರು ತುಂಬಿದ ಕೆರೆ ನಿಮ್ಮಲ್ಲಿದ್ದರೆ, ಕೆರೆಯ ಕ್ಲೋರೈಡ್ ಮತ್ತು ಇಸಿ ಸುತ್ತಲಿನ ಬೋರುಗಳಿಗಿಂತ ಬೇರೆ ಇದೆಯಾ ನೋಡಿ. ಬೇರೆ ಇದ್ದರೆ ಕೆರೆ ನೀರು ಎಷ್ಟು ದೂರ, ಎಷ್ಟು ಆಳ ತಲುಪಿದೆ ಅಂತ ತಿಳಿಯಲು ಅದೇ ಒಳ್ಳೆಯ ಗುರುತು. ಏರಿಯ ಕೆಳಗಿನ ಬೋರು, ಮೇಲಿನ ಬೋರು, ಅರ್ಧ ಕಿ.ಮೀ., ಎರಡು ಕಿ.ಮೀ. ದೂರದ ಬೋರು ಅಂತ ಸಾಲಾಗಿ ಆರಿಸಿ.

ನೈಟ್ರೇಟಿಗೆ ಮೂಲ ಎಲ್ಲಿ ಅಂತ ನಕ್ಷೆ ಮಾಡಿ: ತಿಪ್ಪೆ, ಶೌಚಗುಂಡಿ, ಗೊಬ್ಬರ ಜಾಸ್ತಿ ಹಾಕುವ ತರಕಾರಿ ಹೊಲ. ಇಡೀ ಜಲಾನಯನಕ್ಕೆ ಒಂದೇ ಅಂಕಿ ಹಂಚಿದರೆ ಊರೊಳಗಿನ ಬೋರು ಎಂದೂ ಹೊಂದುವುದಿಲ್ಲ.

ಫ್ಲೋರೈಡ್ ಬೇರೆಯೇ ದಾರಿ. ಅದು ಹೊರಗಿಂದ ಸುರಿದದ್ದಲ್ಲ, ಬಂಡೆಯ ಖನಿಜದಿಂದ ಬಿಟ್ಟುಕೊಂಡದ್ದು. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ, ಪಿಎಚ್ ಏರಿದ್ದರೆ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲುತ್ತದೆ. ಬಾಗೇಪಲ್ಲಿ, ಪಾವಗಡದ ಕಡೆ ಸ್ಯಾಂಪಲ್ ನೋಡಿದವರಿಗೆ ಈ ಜೋಡಿ ಪರಿಚಯವಿರುತ್ತದೆ. ಹಾಗಾಗಿ ಕ್ಲೋರೈಡಿನ ಹಾಗೆ ಸಾಗಿಸುವ ಮಾಡೆಲ್ ಬೇಡ. ಪ್ರತಿ ಸ್ಯಾಂಪಲಿನ ಅಂಕಿಗಳನ್ನು ಫ್ರೀಕ್ (PHREEQC) ಎಂಬ ಉಚಿತ ಸಾಫ್ಟ್‌ವೇರಿಗೆ ಕೊಟ್ಟು, ಫ್ಲೋರೈಟ್ ಮತ್ತು ಕ್ಯಾಲ್ಸೈಟ್ ಎಂಬ ಖನಿಜಗಳು ಆ ನೀರಲ್ಲಿ ಎಷ್ಟರ ಮಟ್ಟಿಗೆ ಕರಗಿ ತುಂಬಿವೆ ಅಂತ ನೋಡಿ. ಎರಡು ನೀರು ಬೆರೆತರೆ ಏನಾಗುತ್ತದೆ ಅನ್ನುವುದನ್ನೂ ಅಲ್ಲೇ ಪರೀಕ್ಷಿಸಬಹುದು. ಆಳಕ್ಕೆ ಫ್ಲೋರೈಡ್ ಏರುತ್ತದೆ ಅಂತ ಮೊದಲೇ ತೀರ್ಮಾನಿಸಬೇಡಿ, ನಿಮ್ಮ ಸ್ಯಾಂಪಲ್‌ಗಳನ್ನು ನೀರು ಸಿಕ್ಕ ಆಳದ ಎದುರು ಇಟ್ಟು ನೋಡಿ ಹೇಳಿ.

## ಹಂತ 9: ಊರಿಗೆ ಹೇಳುವುದು

ಪಂಚಾಯಿತಿಗೆ ಬಣ್ಣದ ನಕ್ಷೆ ಒಂದೇ ಕೊಟ್ಟರೆ ಅದು ಬೋರು ಕೊರೆಯುವ ಪಾಯಿಂಟಿನ ನಕ್ಷೆಯಾಗಿಬಿಡುತ್ತದೆ. 100 ಮೀಟರ್ ಚೌಕದ ಮಾಡೆಲ್‌ಗೆ ಒಂದು ಹೊಲದ ಬಿರುಕು ಗೊತ್ತಿರುವುದಿಲ್ಲ, ಇದನ್ನು ನಕ್ಷೆಯ ಮೇಲೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಇಳಿತವನ್ನು ಒಂದೇ ಅಂಕಿಯಾಗಿ ಕೊಡದೆ "ಈಗಿನಂತೆ ಎತ್ತಿದರೆ ವರ್ಷಕ್ಕೆ 6ರಿಂದ 15 ಮೀಟರ್" ಎಂಬ ಹಾಗೆ ವ್ಯಾಪ್ತಿಯಲ್ಲಿ ಹೇಳಿ. ಯಾವ ಅಂಕಿ ಅಳೆದದ್ದು, ಯಾವುದು ಅಂದಾಜು ಅಂತ ಎರಡು ಪಟ್ಟಿ ಮಾಡಿ ಗೋಡೆಗೆ ಹಚ್ಚಿ. ಫ್ಲೋರೈಡ್ 1.5 ದಾಟಿದ, ನೈಟ್ರೇಟ್ 45 ದಾಟಿದ ಬೋರುಗಳ ಪಟ್ಟಿಯನ್ನು ಮಾತ್ರ ಮಾಡೆಲ್ ಮುಗಿಯಲಿ ಅಂತ ಕಾಯದೆ ವರದಿ ಸರಿಯಿದೆ ಅಂತ ಖಾತ್ರಿಯಾದ ವಾರವೇ ತಲುಪಿಸಿ, ಆ ನೀರನ್ನು ಮಕ್ಕಳು ಇವತ್ತೂ ಕುಡಿಯುತ್ತಿದ್ದಾರೆ.

ಬಣ್ಣದ ಗುರುತು ಹಾಕಿದ ಬೋರುಗಳ ಪಟ್ಟಿ ಮತ್ತು ಸೌಂಡರ್ ಟೇಪನ್ನು ವಾಟರ್‌ಮ್ಯಾನ್ ಕೈಗೆ ಕೊಟ್ಟು, ಒಂದು ಬೆಳಿಗ್ಗೆ ಜೊತೆಗಿದ್ದು ಅಳೆಯುವುದನ್ನು ತೋರಿಸಿ. ಮುಂದಿನ ಮೇ ತಿಂಗಳ ಅಳತೆ ಅವರೇ ತೆಗೆಯಲಿ.